ತಡವಾಗಿ ಶುರುವಾದದ್ದು ಬಾಸ್ಕೆಟ್‌ಬಾಲ್ ಮಾತ್ರ

ಪ್ರಶ್ನೆ: ನನ್ನ ಮಗನಿಗೆ 15 ವರ್ಷ, ಎತ್ತರ ಆರಡಿ ಎರಡಂಗುಲ. ಇಷ್ಟು ದಿನ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದ, ಸಂಜೆ ಖೊ-ಖೊ ಆಡುತ್ತಿದ್ದ. ಆರು ತಿಂಗಳಿಂದ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿದಿದೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಎಂಟನೇ ವಯಸ್ಸಿಗೇ ಶುರು ಮಾಡಿಸಬೇಕಿತ್ತು" ಎಂದು ತಿಳಿದವರು ಹೇಳುತ್ತಾರೆ. ಮಗ ಮಾತ್ರ ಹಕೀಂ ಒಲಾಜುವಾನ್ ಎಂಬ ಆಟಗಾರನ ಹೆಸರು ಹಿಡಿದು, "ಅವನು ಇನ್ನೂ ತಡವಾಗಿ ಶುರು ಮಾಡಿ ಚಾಂಪಿಯನ್ ಆದ" ಎಂದು ವಾದಿಸುತ್ತಾನೆ. ಇದು ನಿಜವೇ? ಆತ ಯಾರು? ಅದು ಹೇಗೆ ಸಾಧ್ಯವಾಯಿತು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ, ಆದರೆ ಕಥೆಯ ಅರ್ಧವನ್ನಷ್ಟೇ ಹೇಳಿದ್ದಾನೆ. ಹದಿನೈದರ ವಯಸ್ಸಿನಲ್ಲಿ ವಾದ ಗೆಲ್ಲಲು ಅಷ್ಟು ಸಾಕು. ಉಳಿದರ್ಧ ಅವನಿಗೆ ಇನ್ನೂ ಹೆಚ್ಚು ಉಪಯೋಗಕ್ಕೆ ಬರುವಂಥದ್ದು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಹಕೀಂನನ್ನು ಏಕವಚನದಲ್ಲೇ ಕರೆಯುತ್ತೇನೆ. ಆತನಿಗೆ ಅರವತ್ತು ದಾಟಿದೆ ಎಂಬುದು ಗೊತ್ತು, ಆದರೆ ಅಂಗಳದ ಸಲುಗೆ ಬಿಡುವುದು ಕಷ್ಟ.

ಹಕೀಂ ಎನ್‌ಬಿಎಯಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್‌ನಲ್ಲಿ, ಎರಡು ಸಲ ಚಾಂಪಿಯನ್ ಆದವನು. ಹುಟ್ಟಿದ್ದು 1963ರ ಜನವರಿ 21ರಂದು, ನೈಜೀರಿಯಾದ ಲಾಗೋಸ್‌ನಲ್ಲಿ. ಯೊರುಬಾ ಮಾತಾಡುವ ಮುಸ್ಲಿಂ ಕುಟುಂಬ. ಅಪ್ಪ-ಅಮ್ಮನಿಗೆ ಸಿಮೆಂಟ್ ವ್ಯಾಪಾರ. ಮನೆಯಲ್ಲಿ ಶಿಸ್ತು ಬಿಗಿ. ಲಾಗೋಸ್‌ನ ಹುಡುಗರಿಗೆ ಆಟವೆಂದರೆ ಫುಟ್‌ಬಾಲ್, ಇವನೂ ಅದನ್ನೇ ಆಡಿದ. ಕಾಲು ಉದ್ದ, ಕೈ ಉದ್ದ, ಹಾಗಾಗಿ ಗೋಲ್‌ಕೀಪರ್. ಜೊತೆಗೆ ಹ್ಯಾಂಡ್‌ಬಾಲ್. ಬಾಸ್ಕೆಟ್‌ಬಾಲ್ ಅಂಗಳಕ್ಕೆ ಇಳಿದದ್ದು ಹದಿನೈದಕ್ಕೆ ಎಂದು ಕೆಲವರು ಬರೆಯುತ್ತಾರೆ, ಹದಿನೇಳಕ್ಕೆ ಎಂದು ಇನ್ನು ಕೆಲವರು. ಯಾವ ಲೆಕ್ಕ ಹಿಡಿದರೂ ನಿಮ್ಮ ಮಗನಿಗಿಂತ ಮುಂಚೆ ಅಲ್ಲ.

ಹದಿನೇಳರ ಆಸುಪಾಸಿನಲ್ಲಿ ಶುರು ಮಾಡಿದ ಹುಡುಗ 1980ರಲ್ಲಿ ಅಮೆರಿಕಕ್ಕೆ ಹೋದ. ಆಫ್ರಿಕಾದಲ್ಲಿ ಅವನ ಆಟ ನೋಡಿದ್ದ ಕ್ರಿಸ್ಟೋಫರ್ ಪಾಂಡ್ ಎಂಬ ಅಮೆರಿಕನ್, ಹೂಸ್ಟನ್ ವಿಶ್ವವಿದ್ಯಾಲಯದ ತರಬೇತುದಾರ ಗೈ ಲೂಯಿಸ್‌ಗೆ ಒಂದು ಮಾತು ಹೇಳಿದ್ದರು. ಅಷ್ಟೇ ಶಿಫಾರಸು. ಹೂಸ್ಟನ್ ವಿಮಾನ ನಿಲ್ದಾಣಕ್ಕೆ ಅವನನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ಫೋನ್ ಮಾಡಿದರೆ "ಟ್ಯಾಕ್ಸಿ ಹಿಡಿದು ಬಾ" ಎಂದರು. ಮುಂದೆ ಆ ಊರಿಗೆ ಮೊದಲ ಎನ್‌ಬಿಎ ಚಾಂಪಿಯನ್ ಪಟ್ಟ ತಂದುಕೊಟ್ಟವನಿಗೆ ಸಿಕ್ಕ ಸ್ವಾಗತ ಅದು.

ಮೊದಲ ವರ್ಷ, 1980–81, ಅವನು ಒಂದೇ ಒಂದು ಪಂದ್ಯ ಆಡಲಿಲ್ಲ. ಕಾಲೇಜು ಕ್ರೀಡಾ ಸಂಸ್ಥೆಯ ಅನುಮತಿ ಸಿಕ್ಕಿರಲಿಲ್ಲ, ಅಭ್ಯಾಸಕ್ಕಷ್ಟೇ ಅವಕಾಶ. ಮರುವರ್ಷ ಅಂಗಳಕ್ಕಿಳಿದಾಗ ಪಂದ್ಯಕ್ಕೆ ಸರಾಸರಿ 18 ನಿಮಿಷ ಆಟ, 8.3 ಅಂಕ. ಬೇಗ ದಣಿಯುತ್ತಿದ್ದ, ಬೇಗ ಫೌಲ್ ಮಾಡುತ್ತಿದ್ದ. ಬಹಳ ಎತ್ತರದ, ಬಹಳ ಒರಟಾದ, ಆದರೆ ಆಸೆ ಹುಟ್ಟಿಸುವ ಹುಡುಗ. ನಿಮ್ಮ ಮಗ ಹೇಳಿದ ಅರ್ಧ ಕಥೆ ಈ ವರ್ಷಗಳನ್ನು ಹಾರಿಸಿ ನೇರ ಟ್ರೋಫಿಯ ಹತ್ತಿರ ಇಳಿಯುತ್ತದೆ.

ಈಗ ತಿಳಿದವರ ಗಾದೆಗೆ ಬರೋಣ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗದು, ಒಪ್ಪಿದೆ. ಆದರೆ ಈ ಗಿಡ ಬಗ್ಗಿತ್ತು, ಬೇರೆ ಹೊಲದಲ್ಲಿ. ತಡವಾಗಿ ಶುರುವಾದದ್ದು ಬಾಸ್ಕೆಟ್‌ಬಾಲ್. ಕಾಲಿನ ಕಲಿಕೆ ತಡವಾಗಿ ಶುರುವಾಗಿರಲಿಲ್ಲ.

ಗೋಲ್‌ಕೀಪರ್ ಏನು ಮಾಡುತ್ತಾನೆ, ಯೋಚಿಸಿ. ಮಂಡಿ ಮಡಿಸಿ, ಅಂಗಾಲಿನ ಮುಂಭಾಗದ ಮೇಲೆ ಭಾರ ಹಾಕಿ, ಅಡ್ಡಡ್ಡ ಸರಿಯುತ್ತಾನೆ. ಎದುರಾಳಿಯ ಭುಜ, ಸೊಂಟ ನೋಡಿ ಚೆಂಡು ಎಲ್ಲಿಗೆ ಬರುತ್ತದೆಂದು ಊಹಿಸುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ತಾನು ಮೊದಲು ಹಾರುವುದಿಲ್ಲ. ಮೊದಲು ಹಾರಿದ ಕೀಪರ್‌ನ ಮಗ್ಗುಲಲ್ಲೇ ಚೆಂಡು ನುಸುಳಿ ಹೋಗುತ್ತದೆ. ಬಾಸ್ಕೆಟ್‌ಬಾಲ್‌ನಲ್ಲಿ ಎತ್ತರದ ಹುಡುಗರಿಗೆ ನಾವು ವರ್ಷಗಟ್ಟಲೆ ತಿದ್ದುವ ತಪ್ಪು ಇದೇ: ಎದುರಾಳಿ ಚೆಂಡು ಎತ್ತಿದಂತೆ ತೋರಿಸಿದ ಕೂಡಲೇ ಹಾರಿಬಿಡುತ್ತಾರೆ. ಹಕೀಂಗೆ ಆ ಪಾಠ ಲಾಗೋಸ್‌ನ ಗೋಲ್‌ಕಂಬಗಳ ನಡುವೆ ಆಗಿಹೋಗಿತ್ತು. ಎನ್‌ಬಿಎಯಲ್ಲಿ ಆತ ತಡೆದ ಹೊಡೆತಗಳು 3,830. ಇಂದಿಗೂ ಅದೇ ದಾಖಲೆ. (ಬ್ಲಾಕ್‌ಗಳನ್ನು ಎಣಿಸಲು ಶುರು ಮಾಡಿದ್ದೇ 1973–74ರಿಂದ. ಬಿಲ್ ರಸೆಲ್, ವಿಲ್ಟ್ ಚೇಂಬರ್ಲೇನ್ ಕಾಲದಲ್ಲಿ ಎಣಿಸಿದ್ದರೆ ಪಟ್ಟಿ ಬೇರೆಯಾಗುತ್ತಿತ್ತೋ ಏನೋ. ಹಳಬರ ಜೊತೆ ಈ ವಿಷಯ ಎತ್ತಿದರೆ ಚಹಾ ಆರಿಹೋಗುತ್ತದೆ.) ನನಗೆ ಇನ್ನೂ ಬೆರಗು ಹುಟ್ಟಿಸುವ ಸಂಖ್ಯೆ 2,162. ಅದು ಎದುರಾಳಿಯ ಕೈಯಿಂದ ಕಸಿದ ಚೆಂಡುಗಳ ಲೆಕ್ಕ. ಕಸಿಯುವುದು ಕುಳ್ಳಗಿನ, ಚುರುಕಿನ ಗಾರ್ಡ್‌ಗಳ ಕೆಲಸ. ಬುಟ್ಟಿಯ ಕೆಳಗೆ ನಿಲ್ಲುವ ಸೆಂಟರ್‌ಗಳದಲ್ಲ. 1988–89ರ ಒಂದೇ ಋತುವಿನಲ್ಲಿ ಆತ 282 ಬ್ಲಾಕ್, 213 ಸ್ಟೀಲ್ ಮಾಡಿದ. ಎರಡರಲ್ಲೂ ಇನ್ನೂರು ದಾಟಿದ ಇನ್ನೊಬ್ಬ ಆಟಗಾರ ಬಂದಿಲ್ಲ.

ಹ್ಯಾಂಡ್‌ಬಾಲ್ ಕೊಟ್ಟದ್ದು ಇನ್ನೊಂದು. ಆ ಆಟದಲ್ಲಿ ಚೆಂಡು ಕೈಯಲ್ಲಿದ್ದಾಗ ಮೂರೇ ಹೆಜ್ಜೆ. ಆ ಮೂರರೊಳಗೆ ಎದುರಾಳಿಯನ್ನು ಒಂದು ಕಡೆ ಎಳೆದು, ಇನ್ನೊಂದು ಕಡೆ ಹಾರಿ ಎಸೆಯಬೇಕು. ಬಾಸ್ಕೆಟ್‌ಬಾಲ್‌ನಲ್ಲಿ ಬೆನ್ನನ್ನು ಬುಟ್ಟಿಗೆ ತಿರುಗಿಸಿ ಚೆಂಡು ಹಿಡಿದವನ ಸ್ಥಿತಿ ಇದಕ್ಕಿಂತ ಹೆಚ್ಚು ಬೇರೆಯಲ್ಲ: ಒಂದು ಕಾಲು ನೆಲಕ್ಕೆ ಕೀಲು ಹಾಕಿದಂತೆ ನಿಂತಿರಬೇಕು, ಇನ್ನೊಂದು ಕಾಲು ಮಾತಾಡಬೇಕು.

ಆ ಕಾಲಿನ ಮಾತಿಗೇ ಜಗತ್ತು 'ಡ್ರೀಮ್ ಶೇಕ್' ಎಂದು ಹೆಸರಿಟ್ಟಿತು. ಹುಡುಗ ಚೆಂಡನ್ನು ಬುಟ್ಟಿಗೆ ತುರುಕುವ ಸಲೀಸು ಕನಸಿನಂತಿದೆ ಎಂದು ಲೂಯಿಸ್ ಕಾಲೇಜಿನಲ್ಲೇ ಅವನಿಗೆ 'ಡ್ರೀಮ್' ಎಂಬ ಅಡ್ಡಹೆಸರು ಕೊಟ್ಟಿದ್ದರು. ಶೇಕ್ ಹೇಗಿರುತ್ತದೆಂದರೆ, ಬುಟ್ಟಿಗೆ ಬೆನ್ನು ಮಾಡಿ, ಎಡಬದಿಯಲ್ಲಿ, ಕೊನೆಯ ಗೆರೆಗೆ ಹತ್ತಿರ ನಿಂತು ಚೆಂಡು ಹಿಡಿಯುತ್ತಾನೆ. ಭುಜ ಒಳಗಡೆಗೆ ವಾಲುತ್ತದೆ, ಕಾವಲುಗಾರ ಅತ್ತ ಸರಿಯುತ್ತಾನೆ. ಅಷ್ಟರಲ್ಲಿ ದೇಹ ಇತ್ತ ಗೆರೆಯ ಕಡೆಗೆ ಸುತ್ತಿರುತ್ತದೆ. ಕಾವಲುಗಾರ ಎಚ್ಚೆತ್ತು ವಾಪಸು ಬಂದು ಹಾರಿದರೆ, ಚೆಂಡು ಮೇಲೆ ಹೋಗಿರುವುದಿಲ್ಲ. ಎತ್ತಿದಂತೆ ತೋರಿಸಿ ಕೆಳಗಿಳಿಸಿರುತ್ತಾನೆ. ಅವನು ಕೆಳಗೆ ಬೀಳುವಾಗ ಹಕೀಂ ಅವನ ತೋಳಿನ ಅಡಿಯಿಂದ ಒಂದು ಹೆಜ್ಜೆ ಇಟ್ಟು ಮೆಲ್ಲಗೆ ಚೆಂಡನ್ನು ಬಿಡುತ್ತಾನೆ. ಇದು ತನ್ನ ಫುಟ್‌ಬಾಲ್ ಚಲನೆಯೇ, ಬಾಸ್ಕೆಟ್‌ಬಾಲ್‌ಗೆ ತಂದುಕೊಂಡೆ ಎಂದು ಆತನೇ ವಿವರಿಸಿದ್ದಾನೆ. ನಿಮ್ಮ ಮಗ ಖೊ-ಖೊ ಆಡಿದವನಲ್ಲವೇ, ಅವನಿಗೆ ಇದು ಕೂಡಲೇ ಅರ್ಥವಾಗುತ್ತದೆ. ಬೆನ್ನಟ್ಟುವವನು ಒಮ್ಮೆ ದಿಕ್ಕು ಹಿಡಿದರೆ ತಿರುಗುವಂತಿಲ್ಲ ಎಂಬ ನಿಯಮವನ್ನೇ ಆಸರೆ ಮಾಡಿಕೊಂಡು, ಓಡುವವನು ಒಂದು ಭುಜ ತೋರಿಸಿ ಕುಳಿತವರ ನಡುವೆ ಇನ್ನೊಂದು ಕಡೆ ನುಸುಳುತ್ತಾನಲ್ಲ, ಅದೇ ಮೋಸ. ಇಲ್ಲಿ ತಿರುಗಬಾರದೆಂಬ ನಿಯಮವಿಲ್ಲ. ಆದರೆ ನೂರು ಕಿಲೋ ಮೀರಿದ ದೇಹ ಒಮ್ಮೆ ವಾಲಿತೆಂದರೆ ತಕ್ಷಣ ತಿರುಗಲಾರದು, ಅದೇ ನಿಯಮ.

ಕಾಲು ಮೊದಲೇ ಪಳಗಿತ್ತು ಎಂದೆ. ಅಷ್ಟರಿಂದಲೇ ಚಾಂಪಿಯನ್ ಆಗಿಬಿಟ್ಟ ಎಂದರೆ ಅದೂ ತಪ್ಪು. ನನ್ನ ಪ್ರಕಾರ ಆತನ ಬದುಕಿನ ಅತಿ ಮುಖ್ಯ ಶಾಲೆ ಹೂಸ್ಟನ್‌ನ ಫಾಂಡಿ ಎಂಬ ಸಾರ್ವಜನಿಕ ಮನರಂಜನಾ ಕೇಂದ್ರ. ಬೇಸಿಗೆಯಲ್ಲಿ ಊರಿನ ವೃತ್ತಿಪರ ಆಟಗಾರರೂ ಕಾಲೇಜು ಹುಡುಗರೂ ಅಲ್ಲಿ ಒಟ್ಟಿಗೆ ಆಡುತ್ತಿದ್ದರು. ಅಲ್ಲಿ ಹಕೀಂನ ಎದುರು ನಿಲ್ಲುತ್ತಿದ್ದವನು ಮೋಸಸ್ ಮಲೋನ್. 1979, 1982, 1983ರಲ್ಲಿ ಎನ್‌ಬಿಎಯ ಅತ್ಯುತ್ತಮ ಆಟಗಾರನೆನಿಸಿದ, ಬುಟ್ಟಿಯ ಕೆಳಗೆ ಎಮ್ಮೆಯ ಹಾಗೆ ಬಲ ಹಾಕಿ ನಿಲ್ಲುತ್ತಿದ್ದ ಮಲೋನ್. ಹುಡುಗ ಎಂದು ಆತ ಕರುಣೆ ತೋರಿಸಲಿಲ್ಲ. ದಬ್ಬಿದ, ಬೀಳಿಸಿದ, ಮತ್ತೆ ಏಳು ಎಂದ. ತನ್ನ ಆಟ ಬೆಳೆದದ್ದು ಅಲ್ಲಿ ಎಂದು ಹಕೀಂ ಮುಂದೆ ಹಲವು ಸಲ ನೆನೆದಿದ್ದಾನೆ. ಕಾಲೇಜಿನ ಅಂಕಿಗಳನ್ನು ನೋಡಿದರೂ ಗೊತ್ತಾಗುತ್ತದೆ: ಎರಡನೇ ಋತುವಿಗೆ ಸರಾಸರಿ 13.9 ಅಂಕ, 11.4 ರೀಬೌಂಡ್ (ಬುಟ್ಟಿಗೆ ಬೀಳದೆ ಬಂದ ಚೆಂಡನ್ನು ಹಿಡಿಯುವುದು). ಮೂರನೆಯದಕ್ಕೆ 16.8 ಅಂಕ, 13.5 ರೀಬೌಂಡ್, 5.6 ಬ್ಲಾಕ್. 8.3ರಿಂದ ಅಲ್ಲಿಗೆ ಬರಲು ಎರಡು ವರ್ಷ.

ಆ ಕಾಲೇಜು ತಂಡದ ಬಗ್ಗೆಯೇ ಬೇರೆ ಲೇಖನ ಬರೆಯಬಹುದು. ಕ್ಲೈಡ್ ಡ್ರೆಕ್ಸ್ಲರ್ ಜೊತೆಗಿದ್ದ. ಎಲ್ಲರೂ ಹಾರಿ ಹಾರಿ ಚೆಂಡು ತುರುಕುವವರೇ, ಪತ್ರಿಕೆಯವರು 'ಫೈ ಸ್ಲಾಮಾ ಜಾಮಾ' ಎಂದು ಹೆಸರಿಟ್ಟರು. 1983ರ ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಎದುರು ಕೊನೆಯ ಕ್ಷಣ 52–52 ಸಮ. ಎದುರಾಳಿಯ ದೂರದ ಹೊಡೆತ ಬುಟ್ಟಿಯನ್ನೂ ಮುಟ್ಟದೆ ಕೆಳಗಿಳಿಯಿತು. ಅದನ್ನು ಗಾಳಿಯಲ್ಲೇ ಹಿಡಿದ ಲೊರೆಂಜೊ ಚಾರ್ಲ್ಸ್ ಹಾಗೇ ತುರುಕಿಬಿಟ್ಟ. ಆ ಫೈನಲ್‌ನಲ್ಲಿ 20 ಅಂಕ, 18 ರೀಬೌಂಡ್ ಗಳಿಸಿದ್ದ ಹಕೀಂ ಸೋತ ತಂಡದವನಾದರೂ ಟೂರ್ನಿಯ ಶ್ರೇಷ್ಠ ಆಟಗಾರನಾದ. ಮರುವರ್ಷ ಮತ್ತೆ ಫೈನಲ್, ಮತ್ತೆ ಸೋಲು. ಈ ಸಲ ಎದುರಿಗಿದ್ದದ್ದು ಜಾರ್ಜ್‌ಟೌನ್‌ನ ಪ್ಯಾಟ್ರಿಕ್ ಯೂಯಿಂಗ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

1984ರ ಎನ್‌ಬಿಎ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ. ಆಗೆಲ್ಲ ಮೊದಲ ಆಯ್ಕೆ ಯಾರಿಗೆ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸುತ್ತಿದ್ದರು. ಹೂಸ್ಟನ್ ರಾಕೆಟ್ಸ್ ಗೆದ್ದಿತು, ತನ್ನೂರಿನ ಹುಡುಗನನ್ನೇ ತೆಗೆದುಕೊಂಡಿತು. ಎರಡನೆಯ ಆಯ್ಕೆ ಪೋರ್ಟ್‌ಲ್ಯಾಂಡ್‌ನದು, ಸ್ಯಾಮ್ ಬೋವಿ. ಮೂರನೆಯವನಾಗಿ ಶಿಕಾಗೊಗೆ ಹೋದವನ ಹೆಸರು ಮೈಕಲ್ ಜೋರ್ಡನ್. ಬೋವಿಯನ್ನು ಆರಿಸಿದ್ದಕ್ಕೆ ಪೋರ್ಟ್‌ಲ್ಯಾಂಡ್‌ನವರು ಇಂದಿಗೂ ಬೈಸಿಕೊಳ್ಳುತ್ತಾರೆ. ಜೋರ್ಡನ್‌ನನ್ನು ಬಿಟ್ಟು ಹಕೀಂನನ್ನು ಆರಿಸಿದ ಹೂಸ್ಟನ್‌ಗೆ ಯಾರೂ ಒಂದು ಮಾತೂ ಅನ್ನುವುದಿಲ್ಲ. ಆತನ ದೊಡ್ಡತನಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಮೊದಲ ಋತುವಿನಲ್ಲೇ 20.6 ಅಂಕ, 11.9 ರೀಬೌಂಡ್. ಏಳಡಿ ನಾಲ್ಕಂಗುಲದ ರಾಲ್ಫ್ ಸ್ಯಾಂಪ್ಸನ್ ಪಕ್ಕದಲ್ಲಿ. ಇಬ್ಬರಿಗೂ ಸೇರಿ 'ಅವಳಿ ಗೋಪುರ' ಎಂಬ ಹೆಸರು. (ಹಕೀಂನ ಎತ್ತರ ದಾಖಲೆಯಲ್ಲಿ ಏಳಡಿ. ನಿಜವಾಗಿ ಆರಡಿ ಹತ್ತಂಗುಲದ ಹತ್ತಿರ. ಬಾಸ್ಕೆಟ್‌ಬಾಲ್‌ನಲ್ಲಿ ಎತ್ತರ ಮದುವೆ ಜಾಹೀರಾತಿನ ಸಂಬಳದಂತೆ, ತುಸು ಸೇರಿಸಿಯೇ ಬರೆಯುತ್ತಾರೆ.) 1986ರಲ್ಲಿ ಲೇಕರ್ಸ್ ತಂಡವನ್ನು 4–1ರಿಂದ ಮಣಿಸಿ ಫೈನಲ್ ತಲುಪಿದರು, ಬಾಸ್ಟನ್ ಸೆಲ್ಟಿಕ್ಸ್ ಎದುರು ಆರು ಪಂದ್ಯಗಳಲ್ಲಿ ಸೋತರು. ವಯಸ್ಸು 23. ಇನ್ನೇನು, ಪ್ರತಿ ವರ್ಷ ಫೈನಲ್ ಎಂದುಕೊಂಡರು ಎಲ್ಲರೂ.

ಎಂಟು ವರ್ಷ ಬರಲಿಲ್ಲ. ಸ್ಯಾಂಪ್ಸನ್‌ನ ಮಂಡಿ ಕೈಕೊಟ್ಟಿತು, 1987ರ ಡಿಸೆಂಬರ್‌ನಲ್ಲಿ ಅವನನ್ನು ಬೇರೆ ತಂಡಕ್ಕೆ ಕಳಿಸಿದರು. 1988ರಿಂದ 1991ರವರೆಗೆ ನಾಲ್ಕು ವರ್ಷವೂ ರಾಕೆಟ್ಸ್ ಪ್ಲೇಆಫ್‌ನ (ಋತುವಿನ ಕೊನೆಯ ನಾಕೌಟ್ ಹಂತದ) ಮೊದಲ ಸುತ್ತಿನಲ್ಲೇ ಹೊರಬಿತ್ತು. 1992ರಲ್ಲಿ ಪ್ಲೇಆಫ್‌ಗೇ ಬರಲಿಲ್ಲ. ಈ ಅವಧಿಯಲ್ಲಿ ಹಕೀಂನ ವೈಯಕ್ತಿಕ ಅಂಕಿಅಂಶಗಳು ಕಣ್ಣು ಕುಕ್ಕುತ್ತವೆ. 1990ರ ಮಾರ್ಚ್ 29ರಂದು ಮಿಲ್ವಾಕಿ ಎದುರು 18 ಅಂಕ, 16 ರೀಬೌಂಡ್, 10 ಅಸಿಸ್ಟ್ (ಜೊತೆಗಾರ ಅಂಕ ಗಳಿಸುವಂತೆ ಚೆಂಡು ದಾಟಿಸುವುದು), 11 ಬ್ಲಾಕ್. ನಾಲ್ಕು ವಿಭಾಗದಲ್ಲಿ ಎರಡಂಕಿ ಮುಟ್ಟುವುದು ಎನ್‌ಬಿಎ ಇತಿಹಾಸದಲ್ಲಿ ಬೆರಳೆಣಿಕೆಯ ಸಲ ಆಗಿದೆ. ಆದರೆ ತಂಡ ಗೆಲ್ಲುತ್ತಿರಲಿಲ್ಲ. ಆತ ಸಿಟ್ಟಿನ ಮನುಷ್ಯನೂ ಆಗಿದ್ದ. ರೆಫರಿಗಳ ಜೊತೆ ಜಗಳ, ಜೊತೆಗಾರರ ಬಗ್ಗೆ ಅಸಮಾಧಾನ. ಇಬ್ಬರು ಮೂವರು ಮುತ್ತಿಗೆ ಹಾಕಿದರೂ ಚೆಂಡು ಬಿಡದೆ ತಾನೇ ಎಸೆಯುತ್ತಿದ್ದ. 1991ರ ಜನವರಿಯಲ್ಲಿ ಶಿಕಾಗೊದ ಬಿಲ್ ಕಾರ್ಟ್‌ರೈಟ್‌ನ ಮೊಣಕೈ ತಗುಲಿ ಕಣ್ಣಿನ ಸುತ್ತಲ ಮೂಳೆ ಮುರಿಯಿತು, ಎರಡು ತಿಂಗಳು ಹೊರಗೆ. 1992ರಲ್ಲಿ ಆಡಳಿತದ ಜೊತೆಗೇ ಕೆಟ್ಟಿತು. ಕಾಲಿನ ಸ್ನಾಯು ಎಳೆದಿದೆ ಎಂದು ಆತ, ಸಂಬಳ ಹೆಚ್ಚಿಸಿಕೊಳ್ಳಲು ನಾಟಕ ಎಂದು ತಂಡ. ಅಮಾನತಾಯಿತು. ಬೇರೆ ತಂಡಕ್ಕೆ ಕಳಿಸಿ ಎಂದು ಆತ ಕೇಳಿದ. ಹೂಸ್ಟನ್‌ನ ಕಥೆ ಅಲ್ಲಿಗೆ ಮುಗಿದುಹೋಗಬಹುದಿತ್ತು.

ಮುಗಿಯಲಿಲ್ಲ. 1992ರ ನವೆಂಬರ್‌ನಲ್ಲಿ ಋತುವಿನ ಮೊದಲ ಪಂದ್ಯಗಳಿಗೆ ತಂಡ ಜಪಾನ್‌ಗೆ ಹೊರಟಿತ್ತು. ಆ ದೀರ್ಘ ವಿಮಾನಯಾನದಲ್ಲಿ ಮಾಲೀಕ ಚಾರ್ಲಿ ಥಾಮಸ್ ಮತ್ತು ಹಕೀಂ ಕುಳಿತು ಮಾತಾಡಿ ರಾಜಿಯಾದರು. ಅದೇ ವರ್ಷದ ಫೆಬ್ರುವರಿಯಲ್ಲಿ ತರಬೇತುದಾರನಾಗಿ ಬಂದಿದ್ದವನು ರೂಡಿ ಟಾಮ್ಜಾನೊವಿಚ್. ಆತ ತಂದದ್ದು ಕೇಳಲು ಬಹಳ ಸರಳವಾದ ಯೋಜನೆ: ಹಕೀಂ ಒಳಗೆ, ಅವನ ಸುತ್ತ ದೂರದಿಂದ ಮೂರಂಕದ ಹೊಡೆತ ಹೊಡೆಯುವ ನಾಲ್ವರು. ಒಬ್ಬನೇ ಕಾವಲಿದ್ದರೆ ಹಕೀಂ ಶೇಕ್ ಮಾಡಿ ಹೊಡೆಯುತ್ತಾನೆ. ಎರಡನೆಯವನು ಬಂದರೆ, ಅವನು ಕಾಯದೆ ಬಿಟ್ಟುಬಂದ ಹಕೀಂನ ಜೊತೆಗಾರನಿಗೆ ಚೆಂಡು. ಇಂದಿನ ಎನ್‌ಬಿಎ ಪೂರ್ತಿ ಇದೇ ಗಣಿತದ ಮೇಲೆ ನಡೆಯುತ್ತಿದೆ. ಆದರೆ ಯೋಜನೆ ನಡೆಯಬೇಕಾದರೆ ಒಂದು ಷರತ್ತಿತ್ತು. ಏಳೆಂಟು ವರ್ಷ ಚೆಂಡು ಬಿಟ್ಟುಕೊಡದ ಮನುಷ್ಯ ಬಿಟ್ಟುಕೊಡಲು ಕಲಿಯಬೇಕಿತ್ತು.

ಮೂವತ್ತರ ಹೊಸ್ತಿಲಲ್ಲಿ ಆತ ಕಲಿತ. ಪಂದ್ಯಕ್ಕೆ ಸರಾಸರಿ 2.2 ಇದ್ದ ಅಸಿಸ್ಟ್ ಒಂದೇ ವರ್ಷದಲ್ಲಿ 3.5ಕ್ಕೆ ಏರಿತು. ತಂಡದ ಗೆಲುವು 42ರಿಂದ 55ಕ್ಕೆ. ನಿಮ್ಮ ಮಗನ ವಾದಕ್ಕೆ ಹದಿನೇಳರ ಹಕೀಂಗಿಂತ ಮೂವತ್ತರ ಹಕೀಂ ಒಳ್ಳೆಯ ಸಾಕ್ಷಿ. ಹದಿನೇಳಕ್ಕೆ ಹೊಸ ಆಟ ಕಲಿಯುವುದು ಅಂಥ ದೊಡ್ಡ ಮಾತಲ್ಲ. ತಾರೆಯಾದ ಮೇಲೆ, ಕೋಟಿಗಟ್ಟಲೆ ದುಡಿದ ಮೇಲೆ, ತನ್ನ ಅಭ್ಯಾಸವನ್ನೇ ಮುರಿದು ಮತ್ತೆ ಕಟ್ಟುವುದು ಅಪರೂಪ.

ಈ ಬದಲಾವಣೆಯಲ್ಲಿ ಧರ್ಮದ ಪಾಲೂ ಇದೆ. ಹುಟ್ಟಿನಿಂದ ಮುಸ್ಲಿಮನಾದರೂ ಅಮೆರಿಕಕ್ಕೆ ಬಂದ ಮೊದಲ ವರ್ಷಗಳಲ್ಲಿ ಆಚರಣೆ ಸಡಿಲವಾಗಿತ್ತು. ಎಂಬತ್ತರ ದಶಕದ ಕೊನೆಗೆ ಮತ್ತೆ ನಿಷ್ಠೆಯಿಂದ ಹಿಡಿದ. 1991ರ ಮಾರ್ಚ್‌ನಲ್ಲಿ, ಅದುವರೆಗೆ ಅಮೆರಿಕನ್ನರು 'ಅಕೀಂ' ಎಂದು ಬರೆಯುತ್ತಿದ್ದ ಹೆಸರನ್ನು 'ಹಕೀಂ' ಎಂದು ಸರಿಪಡಿಸಿಕೊಂಡ. ರಂಜಾನ್ ತಿಂಗಳಲ್ಲಿ ಪಂದ್ಯವಿದ್ದರೂ ಉಪವಾಸ, ಹಗಲು ಆಟವಿದ್ದರೆ ನೀರೂ ಇಲ್ಲ. 1995ರಲ್ಲಿ ರಂಜಾನ್ ಶುರುವಾದದ್ದು ಫೆಬ್ರುವರಿ 1ಕ್ಕೆ, ಆ ಫೆಬ್ರುವರಿಯ 'ತಿಂಗಳ ಆಟಗಾರ' ಪ್ರಶಸ್ತಿ ಹಕೀಂಗೇ ಬಂತು. ಉಪವಾಸದಿಂದ ಆಟ ಸುಧಾರಿಸುತ್ತದೆ ಎಂದು ನಾನು ಹೇಳುತ್ತಿಲ್ಲ, ಬೆಳೆಯುವ ಹುಡುಗರು ಹೊಟ್ಟೆ ತುಂಬ ತಿನ್ನಬೇಕು. ಆ ಮನುಷ್ಯನ ಸಿಟ್ಟು ಎಲ್ಲಿ ಹೋಯಿತು ಎಂದು ಕೇಳಿದವರಿಗೆ ಉತ್ತರದ ಒಂದು ತುಣುಕು ಅಷ್ಟೆ.

ಆಮೇಲಿನದ್ದು ಎಲ್ಲರಿಗೂ ಗೊತ್ತಿರುವ ಭಾಗ. 1993–94ರ ಋತುವನ್ನು ರಾಕೆಟ್ಸ್ ಸತತ 15 ಗೆಲುವಿನಿಂದ ಶುರು ಮಾಡಿತು. ಪ್ಲೇಆಫ್‌ನಲ್ಲಿ ಫೀನಿಕ್ಸ್ ಎದುರು ತವರಿನ ಮೊದಲೆರಡು ಪಂದ್ಯಗಳನ್ನು, ದೊಡ್ಡ ಮುನ್ನಡೆ ಇದ್ದೂ, ಕೈಚೆಲ್ಲಿದಾಗ ಊರಿನ ಪತ್ರಿಕೆಯೇ 'ಚೋಕ್ ಸಿಟಿ' ಎಂದು ತಲೆಬರಹ ಕೊಟ್ಟಿತು. ಒತ್ತಡ ಬಂದರೆ ಉಸಿರುಗಟ್ಟುವ ಊರು ಎಂಬ ಅರ್ಥದಲ್ಲಿ. ಆ ಸರಣಿಯನ್ನು ಏಳನೇ ಪಂದ್ಯದಲ್ಲಿ ಗೆದ್ದ ಮೇಲೆ ಅದೇ ಊರು 'ಕ್ಲಚ್ ಸಿಟಿ', ಅಂದರೆ ಒತ್ತಡದಲ್ಲೇ ಗೆಲ್ಲುವ ಊರು ಆಯಿತು. ಫೈನಲ್‌ನಲ್ಲಿ ನ್ಯೂಯಾರ್ಕ್ ನಿಕ್ಸ್, ಅಂದರೆ ಹತ್ತು ವರ್ಷದ ಹಿಂದೆ ಕಾಲೇಜು ಫೈನಲ್‌ನಲ್ಲಿ ಸೋಲಿಸಿದ್ದ ಅದೇ ಯೂಯಿಂಗ್.

ನಿಕ್ಸ್ 3–2ರಿಂದ ಮುಂದಿತ್ತು. ಆರನೇ ಪಂದ್ಯ, ಕೊನೆಯ ಕೆಲವು ಸೆಕೆಂಡು, ರಾಕೆಟ್ಸ್ 86, ನಿಕ್ಸ್ 84. ಚೆಂಡು ಜಾನ್ ಸ್ಟಾರ್ಕ್ಸ್ ಕೈಯಲ್ಲಿ. ಆ ರಾತ್ರಿ ಕೊನೆಯ ಕಾಲುಭಾಗದಲ್ಲೇ 16 ಅಂಕ ಹೊಡೆದು ಕಾದ ಕಬ್ಬಿಣವಾಗಿದ್ದ. ಮೂರಂಕದ ಗೆರೆಯಾಚೆ ಎದ್ದ, ಹೊಕ್ಕಿದರೆ ನ್ಯೂಯಾರ್ಕ್ ಚಾಂಪಿಯನ್. ಬುಟ್ಟಿಯಡಿ ಇರಬೇಕಾದ ಸೆಂಟರ್ ಹಕೀಂ, ಕಾವಲು ಅದಲುಬದಲಾಗಿ, ಗೆರೆಯವರೆಗೆ ಓಡಿಬಂದು ಕೈ ಚಾಚಿದ. ಬೆರಳತುದಿ ಚೆಂಡಿಗೆ ತಾಗಿತು, ಅಷ್ಟೇ. ನನ್ನ ಹುಡುಗರಿಗೆ ಈ ವಿಡಿಯೊವನ್ನು ನಿಧಾನಗತಿಯಲ್ಲಿ ತೋರಿಸುತ್ತೇನೆ, ಕೈಯನ್ನಲ್ಲ, ಕಾಲನ್ನು ನೋಡಿ ಎನ್ನುತ್ತೇನೆ. ಗೋಲ್‌ಕೀಪರ್ ಅಡ್ಡ ಸರಿಯುವ ಅದೇ ಸಣ್ಣ ಹೆಜ್ಜೆಗಳು, ಮೊದಲು ಹಾರದ ಅದೇ ತಾಳ್ಮೆ. ಏಳನೇ ಪಂದ್ಯ 90–84. ಏಳರಲ್ಲೂ ಹಕೀಂ ಯೂಯಿಂಗ್‌ಗಿಂತ ಹೆಚ್ಚು ಅಂಕ ಗಳಿಸಿದ್ದ, ಸರಾಸರಿ 26.9. ಆ ಒಂದೇ ಋತುವಿನಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ, ಅತ್ಯುತ್ತಮ ರಕ್ಷಣಾ ಆಟಗಾರ, ಫೈನಲ್‌ನ ಅತ್ಯುತ್ತಮ ಆಟಗಾರ, ಮೂರೂ ಪ್ರಶಸ್ತಿ. ಇನ್ನೊಬ್ಬರಿಗೆ ಈ ಮೂರೂ ಒಂದೇ ವರ್ಷ ಸಿಕ್ಕಿಲ್ಲ.

1995 ಇನ್ನೂ ಸೊಗಸು. ಋತುವಿನ ನಡುವೆ ಹಳೆಯ ಗೆಳೆಯ ಡ್ರೆಕ್ಸ್ಲರ್ ಪೋರ್ಟ್‌ಲ್ಯಾಂಡ್‌ನಿಂದ ಬಂದು ಸೇರಿದ. 47 ಗೆಲುವಿನೊಂದಿಗೆ ಆರನೇ ಸ್ಥಾನದಲ್ಲಿ ಪ್ಲೇಆಫ್‌ಗೆ ಬಂದ ರಾಕೆಟ್ಸ್, 60 ಗೆದ್ದಿದ್ದ ಯೂಟಾ, 59 ಗೆದ್ದಿದ್ದ ಫೀನಿಕ್ಸ್, 62 ಗೆದ್ದಿದ್ದ ಸ್ಯಾನ್ ಆಂಟೊನಿಯೊ, 57 ಗೆದ್ದಿದ್ದ ಒರ್ಲಾಂಡೊ ತಂಡಗಳನ್ನು ಸಾಲಾಗಿ ಮಣಿಸಿತು. ಸ್ಯಾನ್ ಆಂಟೊನಿಯೊದ ಡೇವಿಡ್ ರಾಬಿನ್ಸನ್‌ಗೆ ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ. ಅದನ್ನು ಸರಣಿಯ ಎರಡನೇ ಪಂದ್ಯಕ್ಕೆ ಮುನ್ನ, ಹಕೀಂನ ಕಣ್ಣೆದುರೇ ಅವನ ಕೈಗಿತ್ತರು. ಆ ರಾತ್ರಿ ಹಕೀಂ ಹೊಡೆದದ್ದು 41. ಅವನ ಒಂದು ಚಲನೆಯಲ್ಲಿ ರಾಬಿನ್ಸನ್ ಗಾಳಿಯಲ್ಲಿ ತೇಲಿಹೋಗುವುದು, ಹಕೀಂ ಅವನ ಕೆಳಗಿನಿಂದ ಹೆಜ್ಜೆ ಇಟ್ಟು ಹೋಗುವುದು, ಇಂದಿಗೂ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ನಿಮ್ಮ ಮಗ ನೋಡಿರುವುದು ಬಹುಶಃ ಅದನ್ನೇ. ಸರಣಿಯ ಸರಾಸರಿ 35.3. ರಾಬಿನ್ಸನ್ ಕೆಟ್ಟ ಕಾವಲುಗಾರನಲ್ಲ, ಆ ಕಾಲದ ಅತ್ಯುತ್ತಮರಲ್ಲಿ ಒಬ್ಬ. ಫೈನಲ್‌ನಲ್ಲಿ ಯುವಕ ಶಕೀಲ್ ಓನೀಲ್‌ನ ಒರ್ಲಾಂಡೊ ಎದುರು 4–0.

ಉಳಿದದ್ದನ್ನು ಬೇಗ ಹೇಳುತ್ತೇನೆ. 1993ರಲ್ಲಿ ಅಮೆರಿಕದ ಪೌರನಾದ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಆ ದೇಶಕ್ಕಾಗಿ ಚಿನ್ನ ಗೆದ್ದ. ವಯಸ್ಸು ದೇಹವನ್ನು ಹಿಡಿಯಿತು. 2001ರಲ್ಲಿ ಟೊರಾಂಟೊ ತಂಡಕ್ಕೆ ಹೋಗಿ 61 ಪಂದ್ಯ, ಸರಾಸರಿ 7.1 ಅಂಕ. ಆ ಬಣ್ಣದ ಅಂಗಿಯಲ್ಲಿ ಅವನ ಚಿತ್ರ ನೋಡಿದರೆ ನನಗೆ ಈಗಲೂ ಬೇರೆಯವರ ಮದುವೆಯ ಫೋಟೊದಲ್ಲಿ ನಮ್ಮ ಮಾವನನ್ನು ಕಂಡಂತಾಗುತ್ತದೆ. 2002ರಲ್ಲಿ ಬೆನ್ನುನೋವಿನಿಂದ ನಿವೃತ್ತಿ. 18 ಋತು, 26,946 ಅಂಕ, 13,748 ರೀಬೌಂಡ್. ಹೂಸ್ಟನ್ ಅವನ 34ನೇ ಸಂಖ್ಯೆಯನ್ನು ಬೇರೆ ಯಾರಿಗೂ ಕೊಡದಂತೆ ಎತ್ತಿಟ್ಟಿತು. 2008ರಲ್ಲಿ ಹಾಲ್ ಆಫ್ ಫೇಮ್.

ಹಣದ ವಿಷಯಕ್ಕೆ ಎರಡು ಮಾತು, ಏಕೆಂದರೆ ತಂದೆತಾಯಿ ಕೊನೆಗೆ ಅದನ್ನೇ ಕೇಳುತ್ತಾರೆ. ಖ್ಯಾತಿಯ ಶಿಖರದಲ್ಲಿ ದೊಡ್ಡ ಕಂಪನಿಗಳ ದುಬಾರಿ ಶೂಗಳ ಬದಲು, ಬಡವರ ಮಕ್ಕಳೂ ಕೊಳ್ಳಬಹುದಾದ ಸುಮಾರು 35 ಡಾಲರ್‌ನ ಸ್ಪಾಲ್ಡಿಂಗ್ ಶೂಗೆ ತನ್ನ ಹೆಸರು ಕೊಟ್ಟ. ನಿವೃತ್ತಿಯ ನಂತರ ಹೂಸ್ಟನ್‌ನಲ್ಲಿ ಜಾಗ-ಕಟ್ಟಡಗಳ ವ್ಯಾಪಾರ ಮಾಡಿ ದೊಡ್ಡ ಸಂಪತ್ತು ಕಟ್ಟಿದ, ಅದೂ ಬಡ್ಡಿ ಧರ್ಮಕ್ಕೆ ನಿಷಿದ್ಧವೆಂದು ಸಾಲವಿಲ್ಲದೆ, ನಗದು ಕೊಟ್ಟೇ ಕೊಳ್ಳುತ್ತ. ನಗರದ ನಡುವಿನ ಹಳೆಯ ಬ್ಯಾಂಕ್ ಕಟ್ಟಡವೊಂದನ್ನು ಕೊಂಡು ಮಸೀದಿಯಾಗಿಸಿದ. ಅರೇಬಿಕ್, ಧರ್ಮಗ್ರಂಥ ಓದಲು ಜೋರ್ಡನ್ ದೇಶದಲ್ಲಿ ವರ್ಷಗಟ್ಟಲೆ ಕಳೆದ.

ಜೊತೆಗೆ ಮೇಷ್ಟ್ರೂ ಆದ. 2009ರಲ್ಲಿ ಕೋಬಿ ಬ್ರಯಾಂಟ್, 2010ರಲ್ಲಿ ಡ್ವೈಟ್ ಹೊವಾರ್ಡ್, 2011ರಲ್ಲಿ ಫೈನಲ್ ಸೋತ ಬೇಸರದಲ್ಲಿದ್ದ ಲೆಬ್ರಾನ್ ಜೇಮ್ಸ್, ಎಲ್ಲರೂ ಬೇಸಿಗೆಯಲ್ಲಿ ಹೂಸ್ಟನ್‌ಗೆ ಬಂದು ಅವನ ಬಳಿ ಕಾಲು ತಿರುಗಿಸುವುದನ್ನು ಕಲಿತರು. ಜಗತ್ತಿನ ಅತ್ಯುತ್ತಮ ಆಟಗಾರರು, ಚಿಕ್ಕಂದಿನಿಂದ ಆಡಿದವರು, ತಡವಾಗಿ ಶುರು ಮಾಡಿದವನ ಶಿಷ್ಯರಾದರು. ಫಾಂಡಿಯಲ್ಲಿ ಮಲೋನ್‌ನಿಂದ ಪಡೆದದ್ದನ್ನು ಹಿಂತಿರುಗಿಸುತ್ತಿದ್ದಾನೆ ಎಂದು ನನಗೆ ಆಗ ಅನಿಸಿತ್ತು. 2015ರಲ್ಲಿ ಎನ್‌ಬಿಎ ಆಫ್ರಿಕಾದಲ್ಲಿ ಮೊದಲ ಪಂದ್ಯ ಆಡಿಸಿದಾಗ, ಜೊಹಾನ್ಸ್‌ಬರ್ಗ್‌ನಲ್ಲಿ, 52ರ ಹಕೀಂ ಕೆಲವು ನಿಮಿಷ ಅಂಗಳಕ್ಕಿಳಿದು ಒಂದು ಶೇಕ್ ಮಾಡಿ ತೋರಿಸಿದ.

ತಡವಾಗಿ ಬಂದವನು ಇವನೊಬ್ಬನೇ ಅಲ್ಲ. ಟಿಮ್ ಡಂಕನ್ ಕೆರಿಬಿಯನ್ ದ್ವೀಪದ ಈಜುಗಾರ. 1989ರ ಹ್ಯೂಗೊ ಚಂಡಮಾರುತ ಊರಿನ ಈಜುಕೊಳವನ್ನು ನಾಶ ಮಾಡಿದ್ದರಿಂದ ಬಾಸ್ಕೆಟ್‌ಬಾಲ್‌ಗೆ ಬಂದ. ಕ್ಯಾಮರೂನ್‌ನ ಜೋಯೆಲ್ ಎಂಬೀಡ್ ಹದಿನೈದರವರೆಗೆ ವಾಲಿಬಾಲ್, ಫುಟ್‌ಬಾಲ್ ಆಡಿಕೊಂಡಿದ್ದ. ಅವನ ಮೊದಲ ಪಾಠ ಹಕೀಂನ ಪಂದ್ಯಗಳ ವಿಡಿಯೊ. ಇವರೆಲ್ಲರಿಗೂ ಬೇರೊಂದು ಆಟದ ಹಿನ್ನೆಲೆ ಇತ್ತು ಎಂಬುದನ್ನು ಗಮನಿಸಿ. ಅಷ್ಟೇ ತಡವಾಗಿ ಬಂದು ಹೆಸರಿಲ್ಲದೆ ಹೋದವರನ್ನು ನಾನೂ ಕಂಡಿದ್ದೇನೆ, ಅವರ ವಿಡಿಯೊ ಯಾರೂ ಹಾಕುವುದಿಲ್ಲ. ಎತ್ತರವೂ ಬೇಗ ಶುರು ಮಾಡಿದ್ದೂ ಎರಡೂ ಇದ್ದು ಸಾಲದೇ ಹೋಗಬಹುದು. ಪಂಜಾಬಿನ ಏಳಡಿ ಎರಡಂಗುಲದ ಸತ್ನಾಂ ಸಿಂಗ್ 2015ರಲ್ಲಿ ಡಲ್ಲಾಸ್ ತಂಡದಿಂದ 52ನೆಯವನಾಗಿ ಆಯ್ಕೆಯಾದ, ಎನ್‌ಬಿಎ ಡ್ರಾಫ್ಟ್‌ನಲ್ಲಿ ಹೆಸರು ಬಂದ ಮೊದಲ ಭಾರತೀಯ. ಎನ್‌ಬಿಎ ಪಂದ್ಯ ಆಡುವ ಅವಕಾಶ ಅವನಿಗೆ ಸಿಗಲಿಲ್ಲ. ಹಾಗಾಗಿ ಎನ್‌ಬಿಎ ಮಾತು ಬದಿಗಿಡಿ. ಜಿಲ್ಲಾ ತಂಡ, ರಾಜ್ಯದ ಕಿರಿಯರ ತಂಡ, ಒಳ್ಳೆಯ ಕಾಲೇಜು ತಂಡ. ಹದಿನೈದಕ್ಕೆ ಶುರು ಮಾಡಿದ ಆರಡಿ ಎರಡಂಗುಲದ ಹುಡುಗನಿಗೆ ಇವು ಕೈಗೆಟುಕದ ಮಾತೇನಲ್ಲ.

ಈಗ ಏನು ಮಾಡಬೇಕು? ಖೊ-ಖೊ ಬಿಡಿಸಬೇಡಿ, ವಾರಕ್ಕೆರಡು ಸಂಜೆಯಾದರೂ ಆಡಲಿ. ಬಾಸ್ಕೆಟ್‌ಬಾಲ್‌ಗೆ ತನಗಿಂತ ದೊಡ್ಡವರ, ಗಟ್ಟಿಯವರ ಗುಂಪು ಹುಡುಕಿಕೊಳ್ಳಲಿ. ಮೊದಮೊದಲು ಬೀಳುತ್ತಾನೆ, ಬೀಳಲಿ. ಎತ್ತರವಿದ್ದಾನೆಂದು ಬುಟ್ಟಿಯ ಕೆಳಗೆ ಕಂಬದಂತೆ ನಿಲ್ಲಿಸುವ ತರಬೇತುದಾರರು ನಮ್ಮಲ್ಲಿ ಹೆಚ್ಚು. ಅಲ್ಲಿ ನಿಂತರೂ ದಿನಕ್ಕೆ ಅರ್ಧ ಗಂಟೆ ಚೆಂಡು ಪುಟಿಸುವುದು, ದೂರದಿಂದ ಎಸೆಯುವುದು ಬಿಡದಿರಲಿ. ಇನ್ನೂ ಬೆಳೆಯುವ ವಯಸ್ಸು, ಮಂಡಿ ನೋವೆಂದರೆ ಸೋಮಾರಿತನವೆಂದು ಗದರದೆ ಒಂದು ವಾರ ವಿಶ್ರಾಂತಿ ಕೊಡಿ, ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಇನ್ನೊಂದು ಕೆಲಸ ಇವತ್ತೇ ಆಗಲಿ. ಅಂಗಳದಲ್ಲಿ ನಿಂತು ಎಡಗಾಲನ್ನು ನೆಲದಿಂದ ಎತ್ತದೆ ಬಲಗಾಲಿನಿಂದ ಸುತ್ತ ನಾಲ್ಕು ದಿಕ್ಕಿಗೂ ಹೆಜ್ಜೆ ಇಡಲಿ, ಆಮೇಲೆ ಕಾಲು ಬದಲಿಸಿ ಅದೇ. ಬಹುತೇಕ ಹುಡುಗರಿಗೆ ಒಂದು ಕಾಲಿನ ಮೇಲೆ ಸಲೀಸು, ಇನ್ನೊಂದರ ಮೇಲೆ ತಡಕಾಟ. ನಿಮ್ಮ ಮಗನಿಗೆ ಯಾವುದು ತಡಕಾಡುತ್ತದೆ ಎಂದು ಮುಂದಿನ ಪತ್ರದಲ್ಲಿ ಬರೆಯಿರಿ, ಅಲ್ಲಿಂದ ಶುರು ಮಾಡೋಣ.